ಓದದೆ ಬಿಟ್ಟ ಹಾಳೆ

ಗೌರಮ್ಮನಿಗೆ ಮೂರು ದಿನದ ಕೂಲಿ, ಸಾವಿರದ ಇನ್ನೂರು ರೂಪಾಯಿ, ಇನ್ನೂ ಬರಬೇಕು. ಕೊಡಬೇಕಾದದ್ದು ಜೆ.ಪಿ. ನಗರದ ಒಂದು ಸೇವಾಸಂಸ್ಥೆ. ಕೊಡಿಸುತ್ತೇನೆಂದು ಮಾತು ಕೊಟ್ಟವಳು ಅಲ್ಲಿ ಸಂಬಳಕ್ಕಿರುವ ವಾರಿಜಾ.

ವಾರಿಜಾ ಸಿದ್ದಾಪುರದ ವಠಾರದಲ್ಲಿ ಹುಟ್ಟಿದವಳು. ತಾಯಿ ಊದುಬತ್ತಿ ಹೊಸೆಯುತ್ತಿದ್ದಳು. ಗಲ್ಲಿಗೆ ಮನೆ ಖಾಲಿ ಮಾಡಿಸುವ ನೋಟಿಸು ಬಂದಾಗಲೆಲ್ಲ ಒಂಬತ್ತು ವರ್ಷದ ವಾರಿಜಾಳನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಲ್ಲಿಸಿ ಓದಿಸುತ್ತಿದ್ದರು. ಒಂದಕ್ಷರ ನುಂಗಿದರೆ ತಾಯಿ ಕೆಳಗಿನಿಂದಲೇ ಗದರುತ್ತಿದ್ದಳು. ಮುಂದೆ ಧರಣಿ, ಮೆರವಣಿಗೆಗಳಲ್ಲಿ ಅವಳದೇ ಗಂಟಲು. ಆ ಗಂಟಲನ್ನು ನೋಡಿಯೇ ಸಂಸ್ಥೆಯವರು ಕೆಲಸ ಕೊಟ್ಟರು. ಅದಾಗಿ ಹನ್ನೊಂದು ವರ್ಷ.

ತಲಘಟ್ಟಪುರ ದಾಟಿ, ಕಾಡಿನಂಚಿನಲ್ಲಿ ಇರುಳಿಗ ಆದಿವಾಸಿಗಳ ಕಾಲೋನಿ ಇದೆ. ಗೌರಮ್ಮ ಅಲ್ಲಿನ ಹೆಂಗಸರ ಸಂಘದ ಅಧ್ಯಕ್ಷೆ. ತಾವು ತಂದ ಜೇನು, ಸೀಗೆಕಾಯಿಯನ್ನು ದಲ್ಲಾಳಿಗೆ ಸುರಿಯದೆ ತಾವೇ ತೂಗಿ ಮಾರಲು ಒಂದು ಕೊಠಡಿ ಬೇಕೆಂಬುದು ಸಂಘದ ಆಸೆ. ಸಂಘಕ್ಕೊಂದು ಕಟ್ಟಳೆಯೂ ಇತ್ತು. ಎಲ್ಲರೆದುರು ನಿಂತು ಪೂರ್ತಿ ಓದಿ ಹೇಳದ ಕಾಗದಕ್ಕೆ ಯಾರೂ ಹೆಬ್ಬೆಟ್ಟು ಒತ್ತುವಂತಿಲ್ಲ. ಹಿಂದೆ ಓದಿಸದೆ ಒತ್ತಿದ ಒಂದು ಹೆಬ್ಬೆಟ್ಟಿಗೆ ಎರಡು ಎಕರೆ ಹೋಗಿತ್ತು.

ಹಳ್ಳಿಯ, ಆದಿವಾಸಿಗಳ ಸಣ್ಣ ಸಂಘಗಳಿಗೆ ಯಾರೋ ದಾನಿಗಳು ನೆರವು ಕೊಡುತ್ತಾರೆಂದು ಸುದ್ದಿ ಬಂತು. ಅರ್ಜಿ ಹಾಕುವುದು ಹೇಗೆಂದು ಕಲಿಸಲು ಸಂಸ್ಥೆ ಮೂರು ದಿನ ತರಬೇತಿ ಇಟ್ಟಿತು. ಬಂದವರಿಗೆ ಕಳೆದುಕೊಂಡ ಕೂಲಿ ಕಟ್ಟಿಕೊಡುತ್ತೇವೆಂದು ವಾರಿಜಾ ಹೇಳಿ ಕರೆತಂದಳು. ಏಸಿ ಹಾಕಿದ ಸಭಾಂಗಣದಲ್ಲಿ ಗೌರಮ್ಮ ಸೆರಗು ಹೊದ್ದು ಕೂತಳು.

"ಅಲ್ಲಾ ವಾರಿಜಾ, ನಾವು ಕೆಟ್ಟೋಗ್ತೀವಿ ಅಂತ ಇಷ್ಟು ತಣ್ಗಿಟ್ಟವ್ರಾ?"

ಹೆಂಗಸರೆಲ್ಲ ನಕ್ಕರು. ಗೋಡೆಯ ಮೇಲೆ ಇಂಗ್ಲಿಷ್ ಅಕ್ಷರ ಓಡುತ್ತಿತ್ತು. ಮೂರು ದಿನವೂ ಅದೇ ಓಡಿತು.

ಕೊನೆಗೆ ಅರ್ಜಿಯನ್ನು ಸಂಸ್ಥೆಯೇ ಬರೆಯಿತು. ಅದರ ನಾಲ್ಕನೆಯ ಹಾಳೆಯಲ್ಲಿ ಹೀಗಿತ್ತು: ಈ ಹೆಂಗಸರಿಗೆ ಸಭೆ ನಡೆಸಲು, ತೀರ್ಮಾನ ತೆಗೆದುಕೊಳ್ಳಲು ಬರುವುದಿಲ್ಲ, ಆದ್ದರಿಂದ ಮೂರು ವರ್ಷ ಹಣವೂ ತೀರ್ಮಾನವೂ ನಮ್ಮ ಕೈಯಲ್ಲಿರಬೇಕು.

"ಸಾರ್, ಇದು ಸುಳ್ಳಲ್ವಾ?" ಎಂದಳು ವಾರಿಜಾ.

ನಿರ್ದೇಶಕ ಭೀಮೇಶ್ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. "ಅವ್ರಿಗೆ ಎಲ್ಲಾ ಬರುತ್ತೆ ಅಂತ ಬರೆದ್ರೆ ನಮ್ಗ್ಯಾಕೆ ದುಡ್ಡು ಕೊಡ್ತಾರೆ ಹೇಳಿ. ನಿಮ್ ಸಂಬಳನೂ ಇದ್ರಲ್ಲೇ ಇದೆ ವಾರಿಜಾ ಅವ್ರೆ."

ಮರುದಿನ ಕಾಲೋನಿಯ ಹೊಂಗೆ ಮರದಡಿ ಇಪ್ಪತ್ತು ಹೆಂಗಸರೆದುರು ವಾರಿಜಾ ನಿಂತು ಅರ್ಜಿ ಓದಿದಳು. ಮೂರನೆಯ ಹಾಳೆ ಮುಗಿಸಿ ಐದನೆಯದಕ್ಕೆ ಹೋದಳು. ಧ್ವನಿ ನಡುಗಲಿಲ್ಲ. ಓದುವುದರಲ್ಲಿ ಪಳಗಿದವಳಲ್ಲವೇ. ಹೆಬ್ಬೆಟ್ಟುಗಳು ಬಿದ್ದವು.

ತಿಂಗಳ ಮೇಲೆ ದಾನಿಗಳ ಕಡೆಯಿಂದ ಶ್ವೇತಾ ಎಂಬಾಕೆ ವಾರಿಜಾಳೊಂದಿಗೆ ಕಾಲೋನಿಗೆ ಬಂದಳು. ಅರ್ಜಿ ಕೈಯಲ್ಲೇ ಇತ್ತು. ಸಭೆ ಶುರುವಾಗಿತ್ತು. ಕೊಠಡಿ ಎಲ್ಲಿ ಕಟ್ಟಬೇಕೆಂದು ಹೆಂಗಸರು ಎರಡು ಗುಂಪಾಗಿ ವಾದಿಸಿದರು. ಗೌರಮ್ಮ ಕೈಯೆತ್ತಿಸಿ ತೀರ್ಮಾನ ಮುಗಿಸಿದಳು. ಶ್ವೇತಾ ಹಾಳೆಯನ್ನೊಮ್ಮೆ, ಹೆಂಗಸರನ್ನೊಮ್ಮೆ ನೋಡಿದಳು.

"ಅಮ್ಮ, ನಿಮಗೆ ಸಭೆ ನಡೆಸೋಕೆ ಬರಲ್ಲ ಅಂತ ಇದ್ರಲ್ಲಿ ಬರೆದಿದೆಯಲ್ಲ. ನೀವೇ ಹೆಬ್ಬೆಟ್ಟು ಹಾಕಿದೀರ?"

ಗೌರಮ್ಮ ವಾರಿಜಾಳ ಕಡೆ ತಿರುಗಿದಳು. ಬೈದಿದ್ದರೆ ವಾರಿಜಾ ತಡೆದುಕೊಳ್ಳುತ್ತಿದ್ದಳು. ಬೈಗುಳ ಅವಳಿಗೆ ಹೊಸದಲ್ಲ.

"ಅವತ್ತು ನೀನು ಎರಡು ಹಾಳೆ ಒಟ್ಟಿಗೆ ಮಗುಚಿದ್ದು ನಾನು ಕಂಡೆ ಕಣವ್ವ. ಓದೋಳು ನಮ್ ವಾರಿಜಾ ಅಂತ ಸುಮ್ನಾದೆ."

ವಾರಿಜಾ ಶ್ವೇತಾಳ ಕೈಯಿಂದ ಆ ಹಾಳೆ ಇಸಿದುಕೊಂಡು, ನಿಂತು, ಪೂರ್ತಿ ಓದಿದಳು. ಒಂದೊಂದು ಸಾಲಿಗೂ ಒಬ್ಬೊಬ್ಬರು ತಲೆ ತಗ್ಗಿಸಿದರು. ತಪ್ಪು ಮಾಡಿದವಳು ನಿಂತಿದ್ದಳು, ನಾಚಿಕೆ ಅವರಿಗಾಗುತ್ತಿತ್ತು. ಅದನ್ನು ಕಂಡ ಮೇಲೆ ಅವಳಿಗೆ ಕೊನೆಯ ಸಾಲು ಓದಲು ಮನಸ್ಸು ಬರಲಿಲ್ಲ. ಆದರೂ ಓದಿದಳು.

"ನಮ್ ಹೆಬ್ಬೆಟ್ಟು ವಾಪಸ್ ಕೊಡಿ ಮೇಡಂ" ಎಂದಳು ಗೌರಮ್ಮ.

"ಹೊಸ ಅರ್ಜಿಗೆ ಈ ವರ್ಷ ಟೈಮ್ ಇಲ್ಲ. ಕೊಠಡಿ ಹೋಗುತ್ತೆ, ಅಮ್ಮ."

"ಹೋಗ್ಲಿ ಬುಡಿ."

ಕೊಠಡಿ ಹೋಯಿತು. ಯೋಜನೆ ಬಿದ್ದ ಮೇಲೆ ಕೂಲಿಗೆ ಹಣವಿಲ್ಲ ಎಂದು ಭೀಮೇಶ್ ಕೈ ತೊಳೆದುಕೊಂಡ. ವಾರಿಜಾ ಕೆಲಸ ಬಿಟ್ಟಳು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಬಿಡಲಿಲ್ಲ. ಬಾಡಿಗೆ ಇದೆ, ತಾಯಿಯ ಮಾತ್ರೆ ಇದೆ. ತನ್ನ ಸಂಬಳದಿಂದ ಸಾವಿರದ ಇನ್ನೂರು ತೆಗೆದು ಒಂದು ಭಾನುವಾರ ಕಾಲೋನಿಗೆ ಹೋದಳು. ಗೌರಮ್ಮ ಟೀ ಕೊಟ್ಟಳು, ಹಣ ಮುಟ್ಟಲಿಲ್ಲ. "ನೀನು ಕೊಟ್ರೆ ಅವ್ರು ಕೊಟ್ಟಂಗಾಯ್ತದಾ?" ಎಂದಳು. ತಿರುಗಿ ಬರುವಾಗ ಬಸ್ಸಿನಲ್ಲಿ ವಾರಿಜಾ ಆ ನೋಟುಗಳನ್ನು ಪರ್ಸಿಗೂ ಹಾಕದೆ ಮುಷ್ಟಿಯಲ್ಲೇ ಹಿಡಿದಿದ್ದಳು.

ಇಂಥ ಸಂಸ್ಥೆಗೆ ವರ್ಷಕ್ಕೊಮ್ಮೆ ಚೆಕ್ಕು ಬರೆದು, ತೆರಿಗೆ ವಿನಾಯಿತಿಯ ರಸೀತಿ ಜೋಪಾನ ಮಾಡುವ ನೀವು ಒಂದು ಕೆಲಸ ಮಾಡಿ. ನಿಮ್ಮ ದುಡ್ಡಿಗಾಗಿ ಯಾರ ಬಗ್ಗೆ ಏನು ಬರೆದಿದ್ದಾರೋ ಆ ಅರ್ಜಿಯನ್ನು ಕೇಳಿ ತರಿಸಿಕೊಳ್ಳಿ. ಅವರ ಊರಿಗೆ ಹೋಗಿ, ಅವರೆದುರು ನಿಂತು, ಒಂದು ಹಾಳೆಯನ್ನೂ ಬಿಡದೆ ಓದಿ. ಹೋಗುವ ಮುಂಚೆ ಗೌರಮ್ಮನ ಮೂರು ದಿನದ ಕೂಲಿ ಕೊಡಿಸಿ.