ಹುಲಿಗೆಮ್ಮನ ಕೋಳಿ ಕಾವಿಗೆ ಕೂತದ್ದು

ಮೇ ತಿಂಗಳಲ್ಲಿ ನಮ್ಮ ರಾಯಚೂರಿನಲ್ಲಿ ನನ್ನಷ್ಟು ಬೇಡಿಕೆಯ ಹೆಂಗಸು ಇನ್ನೊಬ್ಬಳಿಲ್ಲ. ಶಾಲೆಗೆ ರಜೆ, ಆದರೂ ಈ ಟೀಚರು ಎಲ್ಲಿಗೂ ಹೋಗುವವಳಲ್ಲ ಎಂಬುದು ಓಣಿಗೆಲ್ಲ ಗೊತ್ತು. ಬಿಸಿಲಿಗೆ ಹೆದರಿ ಊರು ಬಿಡುವವರು ಹೋಗುವ ಮುನ್ನ ನಮ್ಮ ಬಾಗಿಲು ತಟ್ಟುತ್ತಾರೆ. ಒಬ್ಬರ ಬೆಕ್ಕು, ಒಬ್ಬರ ಮೊಲ, ಇನ್ನೊಬ್ಬರ ಗಾಜಿನ ಪೆಟ್ಟಿಗೆಯ ಮೀನು. ನಾನೇನೂ ಪ್ರಾಣಿಪ್ರಿಯಳಲ್ಲ, ಒಲ್ಲೆ ಎನ್ನಲು ಬಾರದವಳು, ಅಷ್ಟೆ. ಇವೆರಡಕ್ಕೂ ಇರುವ ವ್ಯತ್ಯಾಸ ಬೆಕ್ಕಿಗೆ ಮೊದಲ ದಿನವೇ ತಿಳಿದುಹೋಗುತ್ತದೆ.

ಈ ಕೆಲಸಕ್ಕೆ ನಮ್ಮಲ್ಲಿ ಹೆಸರೇ ಇಲ್ಲ. ಕುರಿ, ಕೋಳಿಗಳನ್ನು ಪಾಲಿಗೆ ಕೊಡುವುದುಂಟು. ಹುಟ್ಟಿದ ಮರಿಗಳಲ್ಲಿ ಅರ್ಧ ಸಾಕಿದವರಿಗೆ. ಬರಿದೇ ನಾಲ್ಕು ದಿನ ನೋಡಿಕೊಳ್ಳುವುದಕ್ಕೆ "ಸ್ವಲ್ಪ ಕಣ್ಣಿಡ್ರಿ" ಎನ್ನುತ್ತಾರೆ. ಕಣ್ಣಿಡುವುದರಲ್ಲಿ ನಾನು ಗಟ್ಟಿಗಿತ್ತಿ. ಹಿತ್ತಲಿನ ಬೇವಿನ ನೆರಳು ಬಟ್ಟೆ ಒಗೆಯುವ ಕಲ್ಲಿನ ಮೇಲಿಂದ ಎಷ್ಟು ಹೊತ್ತಿಗೆ ಸರಿಯುತ್ತದೆ, ಅಳಿಲು ಯಾವ ಟೊಂಗೆಯಿಂದ ಇಳಿಯುತ್ತದೆ, ಎಲ್ಲ ಬಾಯಿಪಾಠ. ಕಣ್ಣಿಟ್ಟರೆ ಸಾಲದು ಎಂದು ತಿಳಿದದ್ದು ಹೋದ ಬೇಸಿಗೆಯಲ್ಲಿ.

ನಮ್ಮ ಹಿಂದಿನ ಮನೆಯ ಹುಲಿಗೆಮ್ಮ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಾಳೆ. ಒಬ್ಬಳೇ ಮಗಳು ರೇಣುಕಾಳನ್ನು ದೇವದುರ್ಗಕ್ಕೆ ಕೊಟ್ಟಿದ್ದಾಳೆ. ಹಿಂದೆ ಎರಡು ಸಲ ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಮೂರನೆಯದಕ್ಕೆ ಡಾಕ್ಟರು ಹಾಸಿಗೆ ಬಿಟ್ಟು ಏಳಲೇಬಾರದು ಎಂದಿದ್ದರು. ಮಗಳ ಆರೈಕೆಗೆ ಹೊರಟ ಹುಲಿಗೆಮ್ಮ ಬೆಳಿಗ್ಗೆ ಬುಟ್ಟಿಯೊಂದನ್ನು ಎತ್ತಿಕೊಂಡು ಬಂದಳು. ಒಳಗೆ ಕೆಂಪು ಕೋಳಿ, ಅದರಡಿ ಹುಲ್ಲು.

"ಅಕ್ಕೋರ, ಇವತ್ತ ಕಾವಿಗೆ ಕುಂತದ. ಹನ್ನೊಂದು ತತ್ತಿ, ಇಪ್ಪತ್ತೊಂದು ದಿನ. ಅಷ್ಟರಾಗ ನಾನೂ ಕೂಸಿನ್ನ ನೋಡೇ ಬರ್ತೀನಿ."

"ನನಗ ಕೋಳಿ ಸಾಕಿ ಗೊತ್ತಿಲ್ಲ, ಹುಲಿಗೆಮ್ಮ."

"ನೀವೇನ ಸಾಕ್ತೀರಿ ಬಿಡ್ರಿ! ಅದು ಕುಂತಿರ್ತದ. ನೀವೂ ಮನ್ಯಾಗ ಕುಂತೇ ಇರ್ತೀರಲ್ಲ, ಜೋಡಿ ಆತು."

ದಿನಾ ಬೆಳಿಗ್ಗೆ ಅವಳ ಫೋನು. "ಕುಂತದೇನ್ರಿ?" "ಕುಂತದ." ಮೂರನೇ ದಿನ ಫೋನು ಕಸಿದುಕೊಂಡು ರೇಣುಕಾಳೇ ಮಾತನಾಡಿದಳು. "ಅಕ್ಕೋರ, ಅದೂ ಏಳಂಗಿಲ್ಲ, ನಾನೂ ಏಳಂಗಿಲ್ಲ. ಯಾರು ಮೊದಲು ಮರಿ ಮಾಡ್ತೀವೋ ನೋಡೂಣು!" ಮೂವರೂ ನಕ್ಕೆವು. ಮರುದಿನ ಹುಲಿಗೆಮ್ಮ ದನಿ ತಗ್ಗಿಸಿ ಹೇಳಿದಳು: "ಹುಡುಗಿ ಕೋಳಿ ಮ್ಯಾಲೆ ಜೀವ ಇಟ್ಕೊಂಡಾಳ್ರಿ. ಕಣ್ಣು ಬಿಟ್ಟಕೂಡ್ಲೆ ಅದನ್ನೇ ಕೇಳ್ತಾಳ. ಜ್ವಾಕಿ."

ಅಂದಿನಿಂದ ಕೋಳಿ ಬರೀ ಕೋಳಿಯಾಗಿ ಉಳಿಯಲಿಲ್ಲ. ನಳದ ನೀರಿನಲ್ಲೇ ಚಹಾ ಕಾಸಬಹುದೆನ್ನುವಂಥ ಬಿಸಿಲು. ಹಿತ್ತಲಿನ ಬೇವಿನಡಿ ಇಟ್ಟಿದ್ದ ಬುಟ್ಟಿಯ ಮೇಲೆ ಗೋಣಿತಟ್ಟು ನೆನೆಸಿ ಹಾಕಿದೆ. ಹಿತ್ತಲಿನ ಗೋಡೆಯ ಬುಡದಲ್ಲಿ ಹಕ್ಕಿಪಕ್ಷಿಗಳಿಗೆಂದು ನಾನಿಡುವ ಮಣ್ಣಿನ ಬೋಗುಣಿಯೊಂದಿದೆ. ಕೋಳಿ ಅಷ್ಟು ದೂರ ಕಾದ ನೆಲದ ಮೇಲೆ ನಡೆಯುವುದೇಕೆಂದು ಅದನ್ನು ಬುಟ್ಟಿಯ ಪಕ್ಕಕ್ಕೇ ತಂದಿಟ್ಟೆ.

ಆ ಬೋಗುಣಿಗೆ ಒಂದು ಮುಂಗುಸಿಯೂ ಬರುತ್ತಿತ್ತು. ಅದು ನನ್ನ ಹೆಮ್ಮೆ. ಮಾನ್ವಿಯ ಶಾಲೆಗೆ ಬಸ್ಸಿನಲ್ಲಿ ಓಡಾಡುತ್ತಿದ್ದ ಕಾಲದಲ್ಲಿ ಮುಂಗುಸಿ ರಸ್ತೆ ದಾಟಿದರೆ ಅರ್ಧ ಬಸ್ಸು ಕೈಮುಗಿಯುತ್ತಿತ್ತು. ಅಂಥ ಶುಭ ನಮ್ಮ ಹಿತ್ತಲಿಗೆ ದಿನಾ ನೀರು ಕುಡಿಯಲು ಬರುತ್ತದೆಂದು ಕಂಡಕಂಡವರಿಗೆ ಹೇಳಿಕೊಂಡಿದ್ದೆ. ಅತಿಥಿಗಳನ್ನು ಕರೆಯುವಾಗ ಯಾರ ಪಕ್ಕ ಯಾರನ್ನು ಕೂರಿಸಬೇಕೆಂಬುದು ಗೊತ್ತಿರಬೇಕು. ನನಗೆ ಅದು ಹೊಳೆಯಲೇ ಇಲ್ಲ.

ಒಂಬತ್ತನೇ ದಿನ ಮಧ್ಯಾಹ್ನ ಟಪ್ ಎಂದು ಸದ್ದಾಯಿತು. ಕಿಟಕಿಯಿಂದ ನೋಡಿದೆ. ಕೋಳಿ ಬುಟ್ಟಿ ಬಿಟ್ಟು ಹೋಗಿ ಅತ್ತ ಮಣ್ಣಿನಲ್ಲಿ ಹಾಯಾಗಿ ಹೊರಳುತ್ತಿದೆ. ಇತ್ತ ಮುಂಗುಸಿ ಕಲ್ಲಿಗೆ ಬೆನ್ನು ತಿರುಗಿಸಿ ನಿಂತು, ಮುಂಗಾಲುಗಳಲ್ಲಿ ಹಿಡಿದ ಮೊಟ್ಟೆಯನ್ನು ಹಿಂಗಾಲುಗಳ ಸಂದಿಯಿಂದ ಹಿಂದಕ್ಕೆ ಎಸೆಯುತ್ತಿದೆ. ಬೇರೆ ದಿನವಾಗಿದ್ದರೆ ಆ ಜಾಣತನಕ್ಕೆ ಚಪ್ಪಾಳೆ ತಟ್ಟುತ್ತಿದ್ದೆನೇನೋ. ಓಡಿ ಹೋಗಿ ಬುಟ್ಟಿಯಲ್ಲಿ ಕೈಯಾಡಿಸಿದರೆ ಉಳಿದದ್ದು ಒಂದೇ ಮೊಟ್ಟೆ, ಅದೂ ಸೀಳು ಬಿಟ್ಟಿತ್ತು. ಎಷ್ಟು ದಿನದಿಂದ ನಡೆದಿತ್ತೋ. ಮನೆಯ ಚಮಚಗಳನ್ನೂ ಎಣಿಸಿಡುವ ನಾನು, ಕುಕ್ಕುತ್ತದೆಂದು ಹೆದರಿ ಕೋಳಿಯ ಕೆಳಗೆ ಒಮ್ಮೆಯೂ ಎಣಿಸಿ ನೋಡಿರಲಿಲ್ಲ.

ನಮ್ಮ ಮನೆಯವರು ಬಾಗಿಲಲ್ಲಿ ನಿಂತು, "ಕೋಳಿ ಕಾಯಾಕ ಮುಂಗುಸಿನ್ನ ಇಟ್ಟಂಗಾತಲ್ಲ ನಿಂದು" ಎಂದರು. ನನ್ನ ಮುಖ ನೋಡಿ ಚಪ್ಪಲಿ ಮೆಟ್ಟಿದರು. ತಾವೇ ಹೋಗಿ ಅಂಗಡಿಯಿಂದ ಆರು ಬಿಳಿ ಮೊಟ್ಟೆ ತಂದರು. ಯಾವ ಕಾಲಕ್ಕೂ ಮರಿಯಾಗದ ಮೊಟ್ಟೆಗಳು. ಬುಟ್ಟಿಯನ್ನು ಒಳಗಿನ ಕೋಣೆಗೆ ಸಾಗಿಸಿ ಅವನ್ನಿಟ್ಟೆ. ಕೋಳಿ ಬಂದು, ಕೊಕ್ಕಿನಿಂದ ಒಂದೊಂದನ್ನೂ ಸರಿಮಾಡಿಕೊಂಡು ಕೂತಿತು.

ಮರುದಿನ ಫೋನು. "ಕುಂತದೇನ್ರಿ?"

"ಕುಂತದ," ಎಂದೆ. ಸುಳ್ಳಲ್ಲ.

ಇಪ್ಪತ್ತೊಂದನೇ ದಿನ ಪೇಟೆಯ ತೀನ್ ಕಂದೀಲ್ ಕಡೆ ಹೋಗಿ, ರಟ್ಟಿನ ಪೆಟ್ಟಿಗೆಯಲ್ಲಿ ಕೋಳಿಮರಿ ಮಾರುವವನನ್ನು ಹುಡುಕಿದೆ. ಅವನ ಬಳಿ ಇದ್ದವೆಲ್ಲ ಮಕ್ಕಳಿಗೆಂದು ಬಣ್ಣ ಅದ್ದಿದವು. ಬಣ್ಣವಿಲ್ಲದ್ದು ಕೇಳಿದೆ. "ಸಾದಾ ಕೋನ್ ಲೇತಾ ಅಮ್ಮಾ?" ಎಂದ, ಸಾದಾ ಮರಿಗೆ ಗಿರಾಕಿಯೇ ಇಲ್ಲವೆಂಬಂತೆ. ಮೂರು ಗುಲಾಬಿ, ಎರಡು ಹಸಿರು ತಂದು, ಸಂಜೆ ಬೆಳಕು ಇಳಿಯುವಾಗ ಒಂದೊಂದಾಗಿ ಕೋಳಿಯ ಹೊಟ್ಟೆಯಡಿ ಸರಿಸಿದೆ. ಅದು ಗುಲಾಬಿ ಮರಿಯೊಂದನ್ನು ಓರೆಯಾಗಿ ಒಂದು ಗಳಿಗೆ ನೋಡಿತು. ಆಮೇಲೆ ರೆಕ್ಕೆ ಅಗಲಿಸಿ ಒಳಗೆ ಕರೆದುಕೊಂಡಿತು.

ನಾನೇ ಫೋನು ಮಾಡಿ, "ಐದು ಮರಿ ಆಗ್ಯಾವ" ಎಂದೆ. ಇದು ಅಪ್ಪಟ ಸುಳ್ಳು. ಆ ಕಡೆ ರೇಣುಕಾ ನಕ್ಕದ್ದು ಕೇಳಿಸಿತು. "ಸೋತೆ ಅಕ್ಕೋರ, ನಾಳೆ ನಂದು!"

ಆಮೇಲೆ ಐದು ದಿನ ಫೋನು ಬರಲಿಲ್ಲ. ಆರನೇ ದಿನ ಹುಲಿಗೆಮ್ಮನೇ ಬಂದು ಹಿತ್ತಲಿನ ಕಲ್ಲಿನ ಮೇಲೆ ಕೂತಳು. "ಹೆಣ್ಣಿತ್ರಿ," ಎಂದಳು. "ಒಂದೂವರಿ ದಿನ ಇತ್ತು." ಆ ಹೊತ್ತಿಗೆ ಸರಿಯಾಗಿ ಕೋಳಿ ತನ್ನ ಸಂಸಾರದೊಂದಿಗೆ ಹೊರಗೆ ಬಂತು. ಬಿಸಿಲಿಗೆ ಮೂರು ಮರಿ ಹೋಗಿ ಎರಡು ಉಳಿದಿದ್ದವು: ಒಂದು ಗುಲಾಬಿ, ಒಂದು ಹಸಿರು. ಹುಲಿಗೆಮ್ಮ ನೋಡಿಯೇ ನೋಡಿದಳು. "ಅಕ್ಕೋರ, ಇವು ಹೋಳಿ ಆಡಿ ಬಂದಾವೇನ್ರಿ?" ಎಂದು ಕೇಳಿ, ಸೆರಗು ಬಾಯಿಗೊತ್ತಿಕೊಂಡಳು. ಅವಳ ಭುಜ ಬಹಳ ಹೊತ್ತು ಕುಲುಕುತ್ತಿತ್ತು. ನಾನು ಪಕ್ಕದಲ್ಲಿ ಕೂತೆ. ಕಡೆಗೆ, "ರೇಣುಕಾ ಮುಂದ ಇದನ್ನ ಹೇಳಬ್ಯಾಡ್ರಿ" ಎಂದಳು.

ಮೊದಲ ಮಳೆ ಬಿದ್ದ ವಾರ ರೇಣುಕಾ ತಾಯಿಯ ಮನೆಗೆ ಬಂದಳು. ಬಾಣಂತಿಯೆಂದು ಕಿವಿಗೆ ಹತ್ತಿ, ತಲೆಗೆ ಬಟ್ಟೆ. ತೊಡೆಯ ಮೇಲೆ ಮಾತ್ರ ಕೂಸಿಲ್ಲ. ನಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಉಳಿದಿದ್ದ ಒಂದೇ ಮರಿಯನ್ನು ನೋಡಿದಳು. ಬಿಳಿ ಪುಕ್ಕ ಬಂದಿತ್ತು, ಕುತ್ತಿಗೆಯಲ್ಲಿ ಮಾತ್ರ ಇನ್ನೂ ಗುಲಾಬಿ. ನನ್ನಿಂದ ತಡೆಯಲಾಗಲಿಲ್ಲ. ಬೋಗುಣಿ, ಮುಂಗುಸಿ, ಅಂಗಡಿಯ ಮೊಟ್ಟೆ, ಎಲ್ಲ ಹೇಳಿಬಿಟ್ಟೆ.

"ಒಂಬತ್ತನೇ ದಿನಕ್ಕ ಹೋಗಿದ್ವೇನ್ರಿ?"

"ಹೂಂನವ್ವಾ."

"ಆಮ್ಯಾಲೂ ಅದು ಕುಂತಿತ್ತಲ್ರಿ? ಅದು ಖರೇನೋ, ಅದೂ ಸುಳ್ಳೋ?"

"ಅದು ಖರೇ. ಹನ್ನೆರಡು ದಿನ."

ಅವಳು ತಲೆಯಾಡಿಸಿದಳು. "ಹಂಗಾದ್ರ ಬಿಡ್ರಿ. ಮರಿ ಸುದ್ದಿ ಅವ್ವಗ ಬೇಕಿತ್ತು. ನನಗ, ಅದು ಕುಂತದ ಅನ್ನೂದೊಂದು ಸಾಕಿತ್ತು. ಅದು ಎದ್ದಿದ್ರ ನಾನೂ ಎಂದೋ ಎದ್ದುಬಿಡ್ತಿದ್ದೆ."

ಕುಡಿಯಲು ನೀರು ಬೇಕೆಂದಳು. ನಾನು ಮೊಣಕಾಲು ಹಿಡಿದುಕೊಂಡು ಏಳುವಷ್ಟರಲ್ಲಿ ಅವಳೇ ಎದ್ದು ಹೋಗಿ, ಬಗ್ಗಿ, ಕೊಡದಿಂದ ತುಂಬಿಕೊಂಡು ನಿಂತೇ ಕುಡಿದಳು. ಏಳಬೇಡ, ಬಗ್ಗಬೇಡ ಎಂದು ಅವಳಿಗೆ ಈಗ ಯಾರೂ ಹೇಳುವಂತಿರಲಿಲ್ಲ.