ನಮ್ಮೂರ ಹೆಸರಿಗೆ ಹಾಕಿದ ಟವೆಲ್

ರೈಲಿನ ಸೀಟಿನ ಮೇಲೆ ಟವೆಲ್ ಹಾಕಿದ ಮಾತ್ರಕ್ಕೆ ಆ ಸೀಟು ಯಾರದೂ ಆಗುವುದಿಲ್ಲ ಎಂದು ನಾನು ಇವತ್ತಿಗೂ ವಾದಿಸಬಲ್ಲೆ. ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ, ಬೆಂಗಳೂರಿನಲ್ಲಿ ಕಾನೂನು ಓದುತ್ತಿದ್ದಾಗ, ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ಗಾಡಿಯಲ್ಲಿ ದಿನಾ ಅದನ್ನೇ ವಾದಿಸುತ್ತಿದ್ದೆ. ಅದೂ ನಿಂತುಕೊಂಡು. ಕೂರಲು ಸೀಟು ಇರುತ್ತಿತ್ತು. ಅದರ ಮೇಲೊಂದು ಟವೆಲ್ ಇರುತ್ತಿತ್ತು. ಆ ಟವೆಲ್ ಹಾಕಿರುತ್ತಿದ್ದುದೂ ನನಗಾಗಿಯೇ. ಆದರೆ ನನಗೆ ಸಿದ್ಧಾಂತವಿತ್ತು.

ಟವೆಲ್ ಹಾಕುತ್ತಿದ್ದವರು ಆಂಡರ್ಸನ್‌ಪೇಟೆಯ ಒಬ್ಬ ಹಿರಿಯರು. ಬೆಂಗಳೂರಿನ ಕಂಪನಿಯೊಂದರ ಕಚೇರಿಯಲ್ಲಿ ಕೆಲಸ. ಗಾಡಿ ಹೊರಡುವ ಕಡೆಯೇ ಹತ್ತುವವರಾದ್ದರಿಂದ ಖಾಲಿ ಬೋಗಿಗೆ ಅವರೇ ದೊರೆ. ಮುಂದಿನ ನಿಲ್ದಾಣಗಳಲ್ಲಿ ಹತ್ತುವ ನಮ್ಮಂಥವರಿಗೆ ಒಂದೊಂದು ಸೀಟು ಹಿಡಿದಿಡುತ್ತಿದ್ದರು. ಟವೆಲ್ ಮುಗಿದರೆ ಕರವಸ್ತ್ರ, ಅದೂ ಮುಗಿದರೆ ನಿನ್ನೆಯ ಪೇಪರು, ಊಟದ ಡಬ್ಬಿ. ಬಂಗಾರಪೇಟೆಯಲ್ಲಿ ಜನ ನುಗ್ಗಿದಾಗ ಎದ್ದು ನಿಂತು ಎರಡೂ ಕೈ ಅಗಲಿಸಿ, ಇನ್ನೂ ಕಣ್ಣಿಗೇ ಬೀಳದವರ ಪರವಾಗಿ ‘ಬರ್ತಾರೆ, ಟೀ ಕುಡಿಯೋಕೆ ಇಳಿದಿದಾರೆ’ ಎಂದು ಕೂಗುತ್ತಿದ್ದರು. ಜಗಳ ಕನ್ನಡದಲ್ಲಿ ಶುರುವಾಗಿ, ತೆಲುಗಿನಲ್ಲಿ ಕಾವು ಏರಿ, ತಮಿಳಿನಲ್ಲಿ ರಾಜಿಯಾಗುತ್ತಿತ್ತು.

ನಾನೋ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದು ಗೆದ್ದು ಹದಗೆಟ್ಟವಳು. ಪರವಾಗಿ ಮಾತಾಡು ಅಂದರೂ ಸರಿ, ವಿರೋಧವಾಗಿ ಅಂದರೂ ಸರಿ. ಹಕ್ಕು ಹುಟ್ಟುವುದು ಬಳಕೆಯಿಂದ, ಬಟ್ಟೆಯಿಂದಲ್ಲ. ಕೂರದವನು ಸೀಟಿನ ಒಡೆಯ ಹೇಗಾದಾನು ಎಂಬುದು ನನ್ನ ಪಟ್ಟು. ಅವರು ಎಲ್ಲವನ್ನೂ ಕೇಳಿಸಿಕೊಂಡು, ‘ಪಾಯಿಂಟು ಸರಿ, ಲಾಯರಮ್ಮ. ಈಗ ಕೂತ್ಕೊಂಡು ಮಾತಾಡು’ ಅನ್ನುತ್ತಿದ್ದರು. ನಾನು ಕೂರುತ್ತಿರಲಿಲ್ಲ.

ಇನ್ನು ಅಕ್ಕನ ವಿಷಯ. ನನ್ನಕ್ಕ ಹುಡುಗಿಯಾಗಿದ್ದಾಗ ಕೆಜಿಎಫ್‌ನ ಬಂಗಲೆಗಳಿಗೆ ಹಾಲು ಹಾಕಲು ಹೋಗುತ್ತಿದ್ದಳು. ಅಲ್ಲೊಬ್ಬ ಆಂಗ್ಲೋ ಇಂಡಿಯನ್ ಮುದುಕಿ ಹಾಲಿನ ಪಾತ್ರೆಯ ಜೊತೆಗೆ ಅವಳನ್ನೂ ಒಳಗೆ ಕರೆದು, ಕೈಗೆ ನೂಲು ಹೆಣೆಯುವ ಕ್ರೋಶಾ ಕಡ್ಡಿ ಕೊಟ್ಟಳು. ಮದುವೆಯಾಗಿ, ಎರಡು ಸೀಮೆಹಸು ಕಟ್ಟಿಕೊಂಡು ನಮ್ಮೂರಲ್ಲೇ ನಿಂತ ಮೇಲೆ ಅಕ್ಕ ಆ ಕೆಲಸವನ್ನು ಓಣಿಯ ಹೆಂಗಸರಿಗೆ ಕಲಿಸಿದಳು. ಹಾಲು ಕರೆದಾದ ಮೇಲೆ ಜಗಲಿಯ ಮೇಲೆ ಸಾಲಾಗಿ ಕೂತು ಮೇಜಿನ ಹೊದಿಕೆ, ದಿಂಬಿನ ಅಂಚು, ತಟ್ಟೆಗಳ ಕೆಳಗಿಡುವ ಚಿತ್ತಾರದ ಹಾಸು ಹೆಣೆಯುತ್ತಿದ್ದರು. ಪ್ರತಿಯೊಂದರ ಮೂಲೆಯಲ್ಲೂ ಇಂಗ್ಲಿಷಿನಲ್ಲಿ ನಮ್ಮೂರ ಹೆಸರನ್ನು ಸಣ್ಣಗೆ ಹೊಲಿಯುತ್ತಿದ್ದರು. ತಮ್ಮ ಹೆಸರು ಹೊಲಿಯಲು ಯಾರನ್ನೂ ನಾಚಿಕೆ ಬಿಡಲಿಲ್ಲ, ಊರಿನದಾದರೆ ಎಲ್ಲರದೂ ಆಯಿತಲ್ಲ.

ಕೊಳ್ಳುತ್ತಿದ್ದವನು ಬೆಂಗಳೂರಿನ ಒಬ್ಬ ವ್ಯಾಪಾರಿ. ಅವನು ಹೊರದೇಶಕ್ಕೆ ಕಳಿಸುತ್ತಿದ್ದ. ಅಲ್ಲಿನವರು ಮೂಲೆಯ ಆ ಹೆಸರನ್ನು ಗುರುತಿಟ್ಟು ಕೇಳತೊಡಗಿದ್ದಾರೆಂದು ಅವನೇ ಒಮ್ಮೆ ಬಾಯಿಬಿಟ್ಟ. ಮರುಬಾರಿ ಬಂದಾಗ, ಇಂಟರ್ನೆಟ್ಟಿನಲ್ಲಿ ನಿಮ್ಮೂರ ಹೆಸರಲ್ಲೇ ಒಂದು ವೆಬ್‌ಸೈಟ್ ಮಾಡುತ್ತೇನೆ, ಹೆಸರು ನಾನೇ ರಿಜಿಸ್ಟರ್ ಮಾಡಿಸುತ್ತೇನೆ, ನಿಮಗೇಕೆ ತಲೆನೋವು ಅಂದ. ಅಕ್ಕ ಕಾಫಿ ಕೊಟ್ಟು, ಯೋಚಿಸಿ ಹೇಳುತ್ತೇನೆಂದು ಕಳಿಸಿದಳು. ಕಂಪ್ಯೂಟರನ್ನು ಆವತ್ತಿನವರೆಗೆ ಕಣ್ಣಿಂದ ಕಂಡಿರದ ಅಕ್ಕನಿಗೆ ಒಂದು ಮಾತ್ರ ಅರ್ಥವಾಗಿತ್ತು: ಹೆಸರು ಅವನ ಕೈಗೆ ಹೋದರೆ, ದೂರದೂರಿನ ಯಾರೇ ನಮ್ಮೂರನ್ನು ಹುಡುಕಿದರೂ ತಲುಪುವುದು ಅವನ ಅಂಗಡಿಗೆ. ತಾವು ಕೊನೆತನಕ ಅವನು ಹೇಳಿದ್ದನ್ನು ಹೆಣೆದುಕೊಡುವವರು, ಅಷ್ಟೆ.

ನಾನು ಧೈರ್ಯ ಹೇಳಿದೆ. ಊರ ಹೆಸರು ಯಾರ ಸೊತ್ತೂ ಅಲ್ಲ, ಅವನು ತೆಗೆದುಕೊಂಡರೆ ಪ್ರಶ್ನಿಸಬಹುದು, ದುಡಿದವರಿಗೇ ಮೊದಲ ಹಕ್ಕು. ಹೀಗೆ ಜಗಲಿಯ ಮೇಲೆ ಒಂದು ಪೂರ್ತಿ ಭಾಷಣ. ಅಕ್ಕ ಕಡ್ಡಿ ನಿಲ್ಲಿಸದೆ ಕೇಳಿದಳು. ಆಮೇಲೆ ಅಂದಳು: ‘ಕಪ್ಪು ತರಾಕೆ ನೀನು ಎಲ್ಲಿಗ್ ಬೇಕಾದ್ರೂ ಓಗ್ತೀಯ ಕಣೇ. ಎಸ್ರು ತತ್ತೀಯಾ?’

ಮರುದಿನ ಗಾಡಿಯಲ್ಲಿ ಆ ಭಾಷಣವನ್ನೇ ಇನ್ನೊಮ್ಮೆ ಮಾಡಿದೆ. ಅಕ್ಕಪಕ್ಕದವರು ತಲೆದೂಗಿದರು. ಟವೆಲಿನವರು ಮಾತ್ರ, ನಮ್ಮ ಆಫೀಸಿನಲ್ಲಿ ಇಂಟರ್ನೆಟ್ ಇದೆ, ಈ ಹೆಸರಿನ ಕತೆ ನನಗೆ ಅಷ್ಟಿಷ್ಟು ಗೊತ್ತು ಅಂದರು. ‘ಅಲ್ಲಿ ಜಡ್ಜ್ ಇಲ್ಲಮ್ಮ. ಮೊದಲು ಹಾಕಿದವನದು. ಅದೆಲ್ಲಾ ಟವೆಲ್ಲೇ.’

ಇಡೀ ಬೋಗಿ ನಕ್ಕಿತು. ನನಗೆ ನಗು ಬರಲಿಲ್ಲ. ಪ್ರಪಂಚದ ಅತಿ ಹೊಸ ವ್ಯವಸ್ಥೆ ಮಾರಿಕುಪ್ಪಂ ಗಾಡಿಯ ಅತಿ ಹಳೆಯ ಅನ್ಯಾಯದ ಮೇಲೆ ನಿಂತಿದೆ ಎಂದರೆ ಒಪ್ಪುವುದು ಹೇಗೆ? ಒಪ್ಪಲಿಲ್ಲ. ಆದರೆ ಮುಂದಿನ ವಾರ ಅಕ್ಕನನ್ನು ಕರೆದುಕೊಂಡು ಅವರ ಕಚೇರಿಗೆ ಹೋದೆ.

ಊಟದ ಬಿಡುವಿನಲ್ಲಿ, ಮೇಲಿನವರ ಅನುಮತಿ ಪಡೆದು, ನಮ್ಮನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. ಫೋನಿನ ಲೈನು ಕಿರುಚಿ, ಗೊರಗುಟ್ಟಿ, ಕೊನೆಗೊಮ್ಮೆ ಸಂಪರ್ಕ ಸಿಕ್ಕಿತು. ಅವರು ಊರ ಹೆಸರು ಹೊಡೆದು ಪಕ್ಕದಲ್ಲಿ ಡಾಟ್ ಕಾಮ್ ಸೇರಿಸಿದರು. ಪರದೆಯ ಮೇಲೆ ಬಂದ ಇಂಗ್ಲಿಷನ್ನು ನಾನು ಅಕ್ಕನಿಗೆ ಓದಿ ಹೇಳಿದೆ. ಈ ಹೆಸರು ಸದ್ಯಕ್ಕೆ ಯಾರದೂ ಅಲ್ಲ, ಬೇಕಾದವರು ಪಡೆಯಬಹುದು.

ಖುಷಿಪಡುವ ಬದಲು ಅಕ್ಕನ ಮುಖ ಸಣ್ಣದಾಯಿತು. ‘ಯಾರ್ದೂ ಅಲ್ವಂತಾ?’ ಅಂದಳು. ‘ಅಷ್ಟು ಮನೆ ಐತೆ, ಕೆರೆ ಐತೆ.’

ಅವರು ಅವಸರ ಮಾಡಲಿಲ್ಲ. ಖಾಲಿ ಅಂದರೆ ಯಾರೂ ಇಲ್ಲ ಅಂತಲ್ಲಮ್ಮ, ಇನ್ನೂ ಯಾರೂ ಟವೆಲ್ ಹಾಕಿಲ್ಲ ಅಂತ ಎಂದು ಸಮಾಧಾನ ಮಾಡಿ, ಅಕ್ಕನ ಹೆಸರು, ವಿಳಾಸ ಕೇಳಿ ಕೇಳಿ ತುಂಬಿಸಿದರು. ನಮಗೆ ಈಮೇಲ್ ಇರಲಿಲ್ಲ, ಅವರದನ್ನೇ ಕೊಟ್ಟರು. ಹಣ ಡಾಲರಿನಲ್ಲಿ ಕಟ್ಟಬೇಕಿತ್ತು. ಹೊರದೇಶಕ್ಕೆ ಓಡಾಡುವ ಸಹೋದ್ಯೋಗಿಯೊಬ್ಬರನ್ನು ಹಿಡಿದು ಅವರ ಕಾರ್ಡಿನಿಂದ ಕಟ್ಟಿಸಿದರು. ಅಕ್ಕ ಸೆರಗಿನ ಗಂಟು ಬಿಚ್ಚಿ ಅದನ್ನು ಅಲ್ಲೇ ತೀರಿಸಿದಳು. ಎರಡು ವರ್ಷಕ್ಕೆ ಹೆಸರು ನಮ್ಮದಾಯಿತು. ವಾಪಸು ಬರುವಾಗ ಅಕ್ಕ ಕಿಟಕಿಯ ಪಕ್ಕ ಕೂತು, ದಾರಿಯಲ್ಲಿ ಬಂದ ಪ್ರತಿ ನಿಲ್ದಾಣದ ಬೋರ್ಡನ್ನೂ ಓದುತ್ತಾ, ಈ ಹೆಸರು ಯಾರದಾದರೂ ಆಗಿದೆಯೋ ಎಂದು ನನ್ನನ್ನು ಕೇಳುತ್ತಿದ್ದಳು.

ವೆಬ್‌ಸೈಟ್ ಅಂದರೆ ನಾಲ್ಕು ಫೋಟೊ, ಒಂದು ವಿಳಾಸ. ಅಷ್ಟಕ್ಕೇ, ಹಲವು ತಿಂಗಳ ಮೇಲೆ, ನೇರವಾಗಿ ಒಂದು ಆರ್ಡರ್ ಬಂತು. ಆಮೇಲೆ ಇನ್ನೊಂದು. ಈಮೇಲನ್ನು ಅವರು ಕಾಗದದ ಮೇಲೆ ಮುದ್ರಿಸಿ ಗಾಡಿಯಲ್ಲಿ ನನಗೆ ಕೊಡುವುದು, ಉತ್ತರ ನಾನು ಬರೆದುಕೊಡುವುದು. ಜಗಲಿಯ ಹೆಂಗಸರು ವ್ಯಾಪಾರಿಗೆ ಮೊದಲ ಸಲ ‘ಈ ತಿಂಗಳು ಆಗಾಕಿಲ್ಲ’ ಅಂದರು.

ಎರಡು ವರ್ಷ ಅನ್ನುವುದು ನನಗೂ ಅಕ್ಕನಿಗೂ ಮರೆತೇಹೋಯಿತು. ನಮ್ಮ ಕಣ್ಣಿಗೆ ಆ ಹೆಸರು ಬಟ್ಟೆಯ ಮೂಲೆಯಲ್ಲಿ ಹೊಲಿದ ಹಾಗೆ. ಹೊಲಿದ ಮೇಲೆ ಯಾರು ಬಿಚ್ಚುತ್ತಾರೆ? ಈ ನಡುವೆ ಟವೆಲಿನವರು ಕೆಲಸದಿಂದ ನಿವೃತ್ತರಾದರು. ಗಾಡಿಯಲ್ಲಿ ಕಾಣುವುದು ಅಪರೂಪವಾಯಿತು. ಮುದ್ರಿಸಿದ ಈಮೇಲುಗಳು ಮಾತ್ರ ಅದೇ ಗಾಡಿಯ ಯಾರದೋ ಕೈಯಲ್ಲಿ ಬರುತ್ತಲೇ ಇದ್ದವು. ಹೇಗೆ ಎಂದು ನಾನು ಕೇಳಲಿಲ್ಲ. ಎಲ್ಲದಕ್ಕೂ ಪ್ರಶ್ನೆ ಹಾಕುವವಳು ಅದೊಂದಕ್ಕೆ ಹಾಕಿರಲಿಲ್ಲ.

ಒಂದು ಸಂಜೆ ವ್ಯಾಪಾರಿ ಮನೆಗೆ ಬಂದ. ಬಹಳ ಮರ್ಯಾದೆಯಿಂದಲೇ ಮಾತಾಡಿದ. ನಿಮ್ಮ ಹೆಸರಿನ ಅವಧಿ ಈ ತಿಂಗಳಿಗೆ ಮುಗಿಯುತ್ತದೆ, ಹಿಂದೆಯೇ ನೋಡಿ ಗುರುತು ಹಾಕಿಕೊಂಡಿದ್ದೆ, ಬಿಟ್ಟುಹೋದರೆ ನಾನು ತೆಗೆದುಕೊಳ್ಳುತ್ತೇನೆ, ಬೇಜಾರು ಮಾಡಿಕೊಳ್ಳಬಾರದು ಎಂದು ಮೊದಲೇ ಹೇಳುತ್ತಿದ್ದೇನೆ ಅಂದ. ನಾನು ಕಾನೂನಿನ ಮಾತು ತೆಗೆದೆ. ಅವನು ನಕ್ಕು, ಎಲ್ಲಿ ಹಾಕುತ್ತೀರಿ ಕೇಸು, ಬಂಗಾರಪೇಟೆ ಕೋರ್ಟಿನಲ್ಲಾ ಅಂದ. ಅವನು ಹೋದ ಮೇಲೆ ಅಕ್ಕ ಅರ್ಧ ಹೆಣೆದ ಹೊದಿಕೆಯನ್ನು ಮಡಿಸಿ ಒಳಗಿಟ್ಟಳು. ಬೆಳಕು ಇನ್ನೂ ಇತ್ತು. ಬೆಳಕಿರುವಾಗ ಅವಳು ಕೆಲಸ ಮಡಿಸಿಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬೆಳಿಗ್ಗೆ ಇಬ್ಬರೂ ಆಂಡರ್ಸನ್‌ಪೇಟೆಗೆ ಹೋಗಿ ಅವರ ಮನೆ ಹುಡುಕಿದೆವು. ಅವರು ಬಾಗಿಲಲ್ಲಿ ಕೂತು ಪೇಪರ್ ಓದುತ್ತಿದ್ದರು. ನಾನು ಉಸಿರು ಬಿಡದೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

‘ಹೋದ ತಿಂಗಳೇ ಕಟ್ಟಿಸಿದೆ. ಇನ್ನೆರಡು ವರ್ಷ ಚಿಂತೆಯಿಲ್ಲ,’ ಅಂದರು. ‘ಟವೆಲ್ ಹಾಕಿ ಇಳಿದು ಹೋಗೋದು ಯಾವೂರ ಪದ್ಧತಿ, ಲಾಯರಮ್ಮ? ಬಂಗಾರಪೇಟೆ ದಾಟೋವರೆಗೂ ಪಕ್ಕದಲ್ಲೇ ನಿಂತಿರಬೇಕು.’

ಅಕ್ಕ ಹೊಸ್ತಿಲ ಮೇಲೆ ಹಾಗೇ ಕೂತುಬಿಟ್ಟಳು. ಅವರ ಹೆಂಡತಿ ಒಳಗಿನಿಂದ ನೀರು ತಂದುಕೊಡುತ್ತಾ ಮಿಕ್ಕಿದ್ದನ್ನು ಹೇಳಿದರು. ನಿವೃತ್ತರಾದ ಮೇಲೂ ಇವರು ಹಳೇ ಕಚೇರಿಗೆ ಹೋಗಿಬರುತ್ತಿದ್ದರು. ಕಂಪ್ಯೂಟರಿನ ಹುಡುಗನಿಗೆ ಆಂಡರ್ಸನ್‌ಪೇಟೆಯ ಬಿಸಿ ವಡೆ ಕೊಟ್ಟು, ತಮ್ಮ ಹಳೆಯ ಈಮೇಲ್ ಮುಚ್ಚದಂತೆ ಮಾತು ಪಡೆದಿದ್ದರು. ಗಡುವಿನ ಸೂಚನೆ ಬಂದಿದ್ದೂ ಆ ಈಮೇಲಿಗೇ. ಕೆಲಸ ಬಿಟ್ಟರೂ ಇವರು ಗಾಡಿ ಬಿಡಲಿಲ್ಲ ಎಂದು ಆಕೆ ರೇಗಿದರು. ಮುಖದಲ್ಲಿ ಮಾತ್ರ ಕೋಪ ಇರಲಿಲ್ಲ.

ನಮಗೆ ಹೇಳಬಹುದಿತ್ತಲ್ಲ ಅಂದೆ. ಹೇಳಿದ್ದರೆ ನೀನು ವಾದ ಮಾಡ್ತಿದ್ದೆ ಅಂದರು.

ಅದು ನಿಜ. ಈಗಲೂ ಮಾಡುತ್ತೇನೆ. ಮೊದಲು ಹಾಕಿದವನದೇ ಹೆಸರು ಎಂಬ ನಿಯಮ ಅನ್ಯಾಯದ್ದೇ. ಆ ವ್ಯಾಪಾರಿ ನಮಗಿಂತ ಒಂದು ವಾರ ಮುಂಚೆ ಎದ್ದಿದ್ದರೆ ನಮ್ಮೂರು ಅವನದಾಗುತ್ತಿತ್ತು. ಆದರೆ ಅಷ್ಟು ವರ್ಷ ನಾನು ಟವೆಲ್ ಬಗ್ಗೆ ಮಾತ್ರ ವಾದಿಸಿದ್ದೆ. ಅದರ ಪಕ್ಕದಲ್ಲಿ ಕೈ ಅಗಲಿಸಿ ನಿಂತವರನ್ನು ನನ್ನ ಯಾವ ವಾದದಲ್ಲೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವರು ತಮಗಾಗಿ ಸೀಟು ಹಿಡಿದಿದ್ದನ್ನು ನಾನು ಒಂದು ದಿನವೂ ನೋಡಿಲ್ಲ. ಬಹಳ ಸಲ ಕೊನೆಗೆ ಅವರೇ ನಿಂತಿರುತ್ತಿದ್ದರು, ನನ್ನ ಎದುರಿಗೆ, ನನ್ನ ವಾದ ಕೇಳುತ್ತಾ.

ಅಕ್ಕ ಅವರಿಗೊಂದು ಟವೆಲ್ ಮಾಡಿದಳು. ಬಿಳಿ ಟವೆಲ್, ನಾಲ್ಕೂ ಅಂಚಿಗೆ ಕ್ರೋಶಾ, ಮೂಲೆಯಲ್ಲಿ ನಮ್ಮೂರ ಹೆಸರು. ನಾನು ಆಗ ಬೆಂಗಳೂರಿನ ವಕೀಲರೊಬ್ಬರ ಬಳಿ ಕೆಲಸಕ್ಕೆ ಸೇರಿದ್ದೆ. ಟವೆಲಿನವರು ಬೆಂಗಳೂರಿಗೆ ಹೊರಟ ಒಂದು ಬೆಳಿಗ್ಗೆ ಗಾಡಿಯಲ್ಲಿ ಸಿಕ್ಕಾಗ ಕೈಗೆ ಕೊಟ್ಟೆ. ಬಿಡಿಸಿ, ತಿರುಗಿಸಿ ನೋಡಿ, ‘ಇದನ್ನ ಹಾಕಿದ್ರೆ ಸೀಟು ಉಳಿಯುತ್ತೆ, ಟವೆಲ್ ಹೋಗುತ್ತೆ’ ಎಂದು ಮಡಿಸಿ ಚೀಲದ ತಳಕ್ಕೆ ಇಟ್ಟುಕೊಂಡರು.

ಪಕ್ಕದ ಸೀಟಿನ ಮೇಲೆ ಅವರ ಹಳೆಯ ಚೌಕಳಿ ಟವೆಲ್ ಇತ್ತು. ಯಾರಿಗೆ ಎಂದು ಕೇಳಲಿಲ್ಲ. ಅದನ್ನು ಎತ್ತಿ ಅವರ ಹೆಗಲಿಗೆ ಹಾಕಿ, ಕೂತೆ. ಬಂಗಾರಪೇಟೆ ಬರುವುದರಲ್ಲಿತ್ತು. ಅವರು ಆಗಲೇ ಎದ್ದು ನಿಂತಿದ್ದರು.