ರೇಖಾಳ ಕೈಗೆ ತಾಗಿದ ಮುಳ್ಳು

ಹಗರಿಬೊಮ್ಮನಹಳ್ಳಿಯಿಂದ ಮೈಲಾರಕ್ಕೆ ಹೋಗುವ ಬಸ್ಸಿನಲ್ಲಿ ರೇಖಾ ಕಂಡಕ್ಟರ್. ಬಾಯಿ ಜೋರು, ಕೈ ಚುರುಕು. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲೂ ಯಾರನ್ನೂ ತುಳಿಯದೆ ಹಿಂದಿನ ಸೀಟಿನವರೆಗೆ ಹೋಗಿ ಬರುತ್ತಿದ್ದಳು. ಅಂಥವಳು ಒಂದು ಮಳೆಗಾಲ ಪೂರ್ತಿ ತನ್ನ ಬಲಗೈಗೇ ಹೆದರಿಕೊಂಡು ಬದುಕಿದಳು.

ಅವಳೂ ಗಂಡ ಮಾರೇಶನೂ ರೈಲ್ವೆ ಸ್ಟೇಷನ್ನಿನ ಆಚೆ ಹೊಸ ಮನೆ ಕಟ್ಟಿಸಿದಾಗ ಗೇಟಿನ ಪಕ್ಕ ಮಂಚದಗಲ ಮಣ್ಣು ಉಳಿದಿತ್ತು. ಮಾರೇಶ ಪ್ರೈಮರಿ ಶಾಲೆಯ ಮೇಷ್ಟ್ರು. ಅಲ್ಲಿ ಬೈಕ್ ನಿಲ್ಲಿಸೋಣ ಎಂದ. ರೇಖಾ ಒಪ್ಪಲಿಲ್ಲ. ಹಡಗಲಿ ದಾರಿಯ ನರ್ಸರಿಯಲ್ಲಿ ಅವಳು ಆಗಲೇ ಒಂದು ಗಿಡದ ಮೇಲೆ ಕಣ್ಣಿಟ್ಟಿದ್ದಳು. ಫ್ಲೋರಿಬಂಡಾ ಗುಲಾಬಿ, ಟೊಂಗೆಗೊಂದು ಗೊಂಚಲು ಹೂ, ಬಣ್ಣ ನೇರಳೆಹಣ್ಣು ತಿಂದ ನಾಲಿಗೆಯದು. ಬೇರಿಗೆ ಒದ್ದೆ ಪಾಚಿ ಸುತ್ತಿ ಕೊಟ್ಟ ಗಿಡವನ್ನು ಮಡಿಲಲ್ಲಿಟ್ಟುಕೊಂಡು ತಂದಳು. ಮಣ್ಣಿಗೆ ಕುರಿಗೊಬ್ಬರ ಬೆರೆಸಿದಳು, ಬುಡಕ್ಕೆ ಶೇಂಗಾ ಸಿಪ್ಪೆ ಹರಡಿದಳು, ಬಿಸಿಲಿಗೆ ಹಳೆ ಸೀರೆಯ ನೆರಳು ಕಟ್ಟಿದಳು. ಮೊದಲ ಗೊಂಚಲು ಅರಳಿದಾಗ ಬೀದಿಯ ಹೆಂಗಸರೆಲ್ಲ ಗೇಟಿಗೆ ಬಂದು ನೋಡಿ ಹೋದರು.

ಮುಳ್ಳು ಚುಚ್ಚಿದ್ದು ಒಣಟೊಂಗೆ ಕತ್ತರಿಸುವಾಗ, ತೋರುಬೆರಳಿಗೆ. ರಕ್ತ ಒರೆಸಿಕೊಂಡು ಡ್ಯೂಟಿಗೆ ಹೋದಳು. ಕೆಲವು ವಾರ ಕಳೆದ ಮೇಲೆ ಅಲ್ಲೊಂದು ಗಂಟು ಎದ್ದಿತು. ನೋವಿರಲಿಲ್ಲ. ಗಂಟು ಒಡೆದು ಹುಣ್ಣಾಯಿತು, ಯಾವ ಮುಲಾಮಿಗೂ ಜಗ್ಗಲಿಲ್ಲ. ಆಮೇಲೆ ಅಂಗೈ ಹಿಂಭಾಗದಲ್ಲಿ ಇನ್ನೊಂದು, ಮಣಿಕಟ್ಟು ದಾಟಿ ಮತ್ತೊಂದು. ಯಾರೋ ಮೆಟ್ಟಿಲು ಹತ್ತಿ ಬರುತ್ತಿರುವಂತೆ ಅವು ಸಾಲಾಗಿ ತೋಳಿನ ಕಡೆಗೆ ಏರತೊಡಗಿದವು.

ನೋವಿಲ್ಲದ್ದೇ ಅವಳ ಜೀವ ಹಿಂಡಿತು. ತಂಬ್ರಹಳ್ಳಿಯಲ್ಲಿದ್ದ ಅವಳ ಅಜ್ಜಿ ಎರ್ರೆಮ್ಮನಿಗೆ ಕುಷ್ಠ ಬಂದಿತ್ತು. ಒಲೆಯ ಕೆಂಡ ತಾಗಿದರೂ ಆ ಕೈಗೆ ತಿಳಿಯುತ್ತಿರಲಿಲ್ಲ. ಹಿತ್ತಲ ಗುಡಿಸಲಲ್ಲಿ ಒಬ್ಬಳನ್ನೇ ಇಟ್ಟಿದ್ದರು. ಸತ್ತಾಗಲೂ ಮುಟ್ಟಲು ಜನ ಹಿಂದೆಮುಂದೆ ನೋಡಿದ್ದರು.

ಬಚ್ಚಲ ಬಾಗಿಲು ಹಾಕಿಕೊಂಡು ರೇಖಾ ಸೂಜಿಯಿಂದ ಗಂಟನ್ನು ಚುಚ್ಚಿದಳು. ಚುರುಕ್ ಎಂದಿತು. ನಿಜವಾಗಿ ಎಂದಿತೋ, ಎನ್ನಲಿ ಎಂಬ ಆಸೆಯೋ? ಮತ್ತೆ ಚುಚ್ಚಿದಳು. ರಕ್ತ ಬಂದರೂ ನಂಬಿಕೆ ಬರಲಿಲ್ಲ.

ಅಂದಿನಿಂದ ತುಂಬು ತೋಳಿನ ಅಂಗಿ ತೊಟ್ಟಳು. ಮಗಳು ಕ್ರಾಂತಿಯ ಜಡೆ ಹೆಣೆಯುವುದನ್ನು ಬಿಟ್ಟಳು, ತನ್ನ ತಾಟು ಬೇರೆ ಇಟ್ಟುಕೊಂಡಳು.

“ಯಾಕವ್ವ, ನನ್ ಮ್ಯಾಲೆ ಸಿಟ್ಟಾ?” ಎಂದಳು ಮಗಳು.

“ಇಲ್ಲವ್ವ, ನೆಗಡಿ ಆಗೇತಿ. ದೂರ ಮಲಕ್ಕೋ.”

ಒಂದು ಬೆಳಿಗ್ಗೆ ಬಸ್ಸಿನಲ್ಲಿ ಟಿಕೆಟ್ ಕೊಡುವಾಗ ಅಂಗಿಯ ತೋಳು ಮೇಲೆ ಸರಿಯಿತು. ಸೀಟಿನಲ್ಲಿದ್ದ ಮುದುಕಿ ಹುಣ್ಣು ನೋಡಿದಳು. ಸೆರಗಿನ ತುದಿಯಲ್ಲಿ ಟಿಕೆಟ್ ಹಿಡಿದುಕೊಂಡು ಕಿಟಕಿಯತ್ತ ಸರಿದು ಕೂತಳು. ರೇಖಾ ಬಾಗಿಲ ಬಳಿಗೆ ಹೋಗಿ ನಿಂತಳು. ಮೈಲಾರ ಬರುವವರೆಗೂ ಅವಳು ಬಾಗಿಲ ಕಂಬಿ ಬಿಡಲಿಲ್ಲ.

ಸಂಜೆ ಮಾರೇಶ ಎದುರಿಗೆ ಕೂತ. “ಕೈ ತೋರ್ಸು.”

“ಬ್ಯಾಡ್ರಿ.”

“ನೀ ಮುಚ್ಚಿಟ್ರ ನಂಗ ಗೊತ್ತಾಗಲ್ಲೇನು? ತೋರ್ಸು.”

“ನಮ್ಮಜ್ಜಿ ರೋಗ ಬಂದೈತ್ರಿ ನನಗ. ಮುಟ್ಟಬ್ಯಾಡ್ರಿ. ಕ್ರಾಂತಿನ್ನ ನಮ್ಮವ್ವನ ಮನಿಗೆ ಕಳಿಸಿಬಿಡ್ರಿ.”

ಮಾರೇಶ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡ. “ಬಂದಿದ್ರ ಬರ್ಲಿ. ಈಗ ಅದಕ್ಕ ಗುಳಿಗಿ ಐತಿ, ವಾಸಿ ಆಗತೈತಿ.” ಹಾಗೆ ಹೇಳಿ, ಮರುದಿನದ ಶಾಲೆಗೆ ರಜೆಯ ಚೀಟಿ ಬರೆಯಲು ಕೂತ.

ಹೊಸಪೇಟೆಯ ಚರ್ಮದ ಡಾಕ್ಟರಮ್ಮ ಗಂಟುಗಳ ಸಾಲನ್ನು ಬೆರಳಿನಿಂದ ಮುಟ್ಟುತ್ತ ಹೋಗಿ, “ಮನೇಲಿ ಗುಲಾಬಿ ಗಿಡ ಇದೆಯಾ?” ಎಂದರು. ರೇಖಾ ಬೆಚ್ಚಿದಳು. ಹುಣ್ಣಿನ ಚೂರು ಪರೀಕ್ಷೆಗೆ ಹೋಯಿತು. ಫಲಿತಾಂಶ ಬರುವವರೆಗೆ ಮನೆಯಲ್ಲಿ ಯಾರೂ ಹೊಟ್ಟೆ ತುಂಬ ಉಣ್ಣಲಿಲ್ಲ. ಫೋನ್ ರಿಂಗಾದರೆ ರೇಖಾ ಒಳಕೋಣೆಗೆ ಹೋಗಿಬಿಡುತ್ತಿದ್ದಳು.

ಮತ್ತೆ ಹೊಸಪೇಟೆಗೆ ಹೋದಾಗ ಡಾಕ್ಟರಮ್ಮ ಕಾಗದ ನೋಡಿ ಹೇಳಿದರು: “ಕುಷ್ಠ ಅಲ್ಲಮ್ಮ. ಮಣ್ಣಲ್ಲಿ, ಪಾಚಿಯಲ್ಲಿ ಇರೋ ಒಂದು ಬೂಷ್ಟು. ಮುಳ್ಳಿನ ಜೊತೆ ಒಳಗೆ ಹೋಗಿದೆ. ಅಪ್ಪಿಕೊಂಡ್ರೆ, ಒಟ್ಟಿಗೆ ಉಂಡ್ರೆ ಇನ್ನೊಬ್ಬರಿಗೆ ಬರಲ್ಲ.”

“ಮಗಳ್ನ ಮುಟ್ಟಬೌದೇನ್ರಿ?”

“ಧಾರಾಳವಾಗಿ.”

ಬರುವಾಗ ದಾರಿಯುದ್ದಕ್ಕೂ ಅತ್ತಳು. ಮಾರೇಶ ಸಂತೋಷಕ್ಕೆ ಎಂದುಕೊಂಡ. ಅವಳು ಅಳುತ್ತಿದ್ದದ್ದು ಎರ್ರೆಮ್ಮಜ್ಜಿಗಾಗಿ.

ಗುಳಿಗೆ ತಿಂಗಳುಗಟ್ಟಲೆ ನಡೆಯಿತು. ಗಂಟುಗಳು ಒಂದೊಂದಾಗಿ ಕುಗ್ಗಿ ಕಪ್ಪು ಕಲೆಗಳಾದವು. ಈ ನಡುವೆ ಒಂದು ದಿನ ಮಾರೇಶ ಸಲಿಕೆ ಹಿಡಿದು ಗಿಡ ಕೀಳಲು ನಿಂತಿದ್ದ.

“ಬಿಡ್ರಿ,” ಎಂದಳು ರೇಖಾ. “ಅದಕ್ಕೇನ್ ಗೊತ್ತೈತಿ ಪಾಪ.”

ಈಗ ಮೊಣಕೈ ಮಟ್ಟ ಚರ್ಮದ ಗವಸು ತೊಟ್ಟು ಟೊಂಗೆ ಕತ್ತರಿಸುತ್ತಾಳೆ. ಕ್ರಾಂತಿಯನ್ನು ಮಾತ್ರ ಗಿಡದ ಹತ್ತಿರ ಬಿಡುವುದಿಲ್ಲ. ಗೊಂಚಲು ತುಂಬಿದಾಗ ಇಬ್ಬರೂ ದೂರದಿಂದಲೇ ನೋಡುತ್ತಾರೆ. ರೋಗ ಹೋಗಿದೆ ಎಂದು ಡಾಕ್ಟರಮ್ಮ ಹೇಳಿ ಬಹಳ ದಿನವಾಯಿತು. ಆದರೂ ಬೆಳಿಗ್ಗೆ ಎಚ್ಚರವಾದೊಡನೆ, ಕಣ್ಣು ಬಿಡುವ ಮೊದಲೇ, ಅವಳ ಎಡಗೈ ಬಲತೋಳನ್ನು ಮೇಲಿನಿಂದ ಕೆಳಗಿನವರೆಗೆ ತಡವಿ ನೋಡುತ್ತದೆ.